ಛತ್ರದಿಂದ ಹೋಂಸ್ಟೇವರೆಗೆ: ಹಾಸನ ಸೀಮೆಯಲ್ಲಿ ತಂಗುವ ಖರ್ಚಿನ ಚರಿತ್ರೆ

ಹಾಸನ ಸೀಮೆಯಲ್ಲಿ ಊರು ಬಿಟ್ಟು ಹೊರಟವರ ರಾತ್ರಿಯ ಖರ್ಚನ್ನು ಬಹುಕಾಲ ಅವರೇ ಕೊಡುತ್ತಿರಲಿಲ್ಲ. ದಾರಿಯ ಊರಿನವರು, ದೇವಸ್ಥಾನ, ಮಠ, ಅರಸು, ಇಲ್ಲವೇ ಎಂದೋ ತೀರಿಕೊಂಡ ದಾನಿಯೊಬ್ಬ ಬಿಟ್ಟುಹೋದ ಗದ್ದೆಯ ಹುಟ್ಟುವಳಿ ಅದನ್ನು ಹೊರುತ್ತಿತ್ತು. ಪ್ರಯಾಣಿಕನ ಜಾಣತನವಿದ್ದದ್ದು ಯಾವ ಬಾಗಿಲು ತನಗೆ ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದನ್ನು ತಿಳಿದಿಟ್ಟುಕೊಳ್ಳುವುದರಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಂಥ ಕಡೆಯ ಒಕ್ಕಲು ಕುಟುಂಬಕ್ಕೆ ಪ್ರಯಾಣವೆಂದರೆ ಹರಕೆ, ಜಾತ್ರೆ, ನಂಟರ ಮನೆಯ ಮದುವೆ ಅಥವಾ ದನದ ವ್ಯಾಪಾರ. ಸುಮ್ಮನೆ ನೋಡಿಕೊಂಡು ಬರಲು ಹೋಗುವ ರೂಢಿ ಬಂದದ್ದು ತೀರಾ ಈಚೆಗೆ. ಹತ್ತಿರದ ಗುರಿಗಳೆಂದರೆ ಶ್ರವಣಬೆಳಗೊಳ, ಹೊಳೆನರಸೀಪುರದ ಲಕ್ಷ್ಮೀನರಸಿಂಹ, ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರಾಮನಾಥಪುರ, ಮೇಲುಕೋಟೆ, ಬೇಲೂರು. ಅದಕ್ಕಿಂತ ದೂರ ಎಂದರೆ ಘಟ್ಟ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯ. ಅನುಕೂಲವಿದ್ದವರಿಗೆ ತಿರುಪತಿ, ಬದುಕಿನಲ್ಲಿ ಒಮ್ಮೆ ಕಾಶಿ.

ಪ್ರಯಾಣಿಕರಿಗಾಗಿ ಮಾಡಿದ ಏರ್ಪಾಡುಗಳ ಹಳೆಯ ದಾಖಲೆ ಸಿಗುವುದು ಶಾಸನಗಳಲ್ಲಿ. ಕೆರೆ ಕಟ್ಟಿಸಿದ್ದು, ಬಾವಿ ತೋಡಿಸಿದ್ದು, ಅರವಟ್ಟಿಗೆ ಇಡಿಸಿದ್ದು, ಸತ್ರಕ್ಕೆ ಭೂಮಿ ಬಿಟ್ಟದ್ದು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪುಣ್ಯದ ಕೆಲಸಗಳು. ಅರವಟ್ಟಿಗೆಗೆ ಹೆಚ್ಚು ಬಂಡವಾಳ ಬೇಕಿರಲಿಲ್ಲ. ಒಂದು ಚಪ್ಪರ, ನಾಲ್ಕು ಮಡಕೆ, ನೀರು ಸೇದಿ ಹಾಕುವ ಒಬ್ಬ ಆಳು, ಆ ಆಳಿನ ಹೊಟ್ಟೆಗೆ ಒಂದು ತುಂಡು ಹೊಲ, ಇಷ್ಟಾದರೆ ಸಾಕು. ಸತ್ರ ಹಾಗಲ್ಲ. ಅಲ್ಲಿ ದಿನವೂ ಒಲೆ ಉರಿಯಬೇಕು. ಆದ್ದರಿಂದ ಸತ್ರಕ್ಕೆ ಊರನ್ನೋ ಗದ್ದೆಯನ್ನೋ ಬಿಟ್ಟು, ಅದರಿಂದ ಅರಮನೆಗೆ ಬರಬೇಕಾದ ತೆರಿಗೆಯನ್ನೂ ಬಿಟ್ಟುಕೊಟ್ಟು ಸರ್ವಮಾನ್ಯ ಮಾಡುತ್ತಿದ್ದರು.

ಈ ಸೀಮೆಯನ್ನಾಳಿದ ಹೊಯ್ಸಳರು ಪ್ರಯಾಣದ ಖರ್ಚನ್ನು ಎಷ್ಟು ದೂರದವರೆಗೆ ಹೊರಲು ಸಿದ್ಧರಿದ್ದರು ಎಂಬುದಕ್ಕೆ 1279ರ ಒಂದು ಶಾಸನ ಸಾಕ್ಷಿ. ಮೂರನೆಯ ನರಸಿಂಹ ಹೆಬ್ಬಾಲೆ ಎಂಬ ಊರಿನ ವರ್ಷದ ಉತ್ಪನ್ನವಾದ 645 ನಿಷ್ಕ ನಾಣ್ಯಗಳನ್ನು ಕಾಶಿಯಲ್ಲಿದ್ದವರು ತುರುಷ್ಕರಿಗೆ ಕಟ್ಟಬೇಕಾದ ತೆರಿಗೆಗೆಂದು ಬಿಟ್ಟ. ಕನ್ನಡಿಗರಷ್ಟೇ ಅಲ್ಲ, ತೆಲುಗರು, ತುಳುವರು, ತಿರಹುತಿನವರು, ಗೌಡದೇಶದವರು ಎಲ್ಲರೂ ಆ ದಾನದ ಫಲಾನುಭವಿಗಳ ಪಟ್ಟಿಯಲ್ಲಿದ್ದಾರೆ. ಕಾವೇರಿ ಸೀಮೆಯ ಒಕ್ಕಲು ಬೆಳೆದ ಬೆಳೆಯ ಪಾಲು ಗಂಗೆಯ ದಡದಲ್ಲಿ ಗುರುತು ಪರಿಚಯವಿಲ್ಲದವರ ತೆರಿಗೆಗೆ ಸಂದಿತು. ಕ್ಷೇತ್ರದಲ್ಲಿ ಉಳಿದುಕೊಳ್ಳುವ ವೆಚ್ಚವನ್ನು ಊರಿನಲ್ಲೇ ತೀರಿಸಿಬಿಡುವ ಈ ಉಪಾಯಕ್ಕೆ ಸಾಟಿ ಸಿಗುವುದು ಕಷ್ಟ.

ಇನ್ನೊಂದು ಉದಾಹರಣೆ ಬಾಗೂರಿಗೆ ಇನ್ನೂ ಹತ್ತಿರದ್ದು. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಎದ್ದ ವ್ಯಾಜ್ಯವನ್ನು ತೀರಿಸಿದ. ಶ್ರವಣಬೆಳಗೊಳದಲ್ಲಿರುವ ಆ ಶಾಸನ ಧಾರ್ಮಿಕ ಸೌಹಾರ್ದಕ್ಕೆ ಹೆಸರುವಾಸಿ. ಆದರೆ ಅದರಲ್ಲಿ ಒಂದು ಲೆಕ್ಕಾಚಾರವೂ ಇದೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ‘ಹಣ’ ನಾಣ್ಯದಂತೆ ಕೊಡಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು ಎಂದು ಕಟ್ಟಳೆಯಾಯಿತು. ಎಂದೂ ಬೆಳಗೊಳಕ್ಕೆ ಬಾರದ ಮನೆಯೂ ಕೊಡಬೇಕು. ಒಬ್ಬನ ಮೇಲೆ ಬೀಳಬಹುದಾದ ದೊಡ್ಡ ಖರ್ಚು ಸಾವಿರಾರು ಮನೆಗಳ ಸಣ್ಣ ವಂತಿಗೆಯಾಗಿ ಹಂಚಿಹೋಯಿತು.

ಎಲ್ಲ ಪಯಣವೂ ಸತ್ರದಿಂದ ಸತ್ರಕ್ಕೆ ಸಾಗುತ್ತಿರಲಿಲ್ಲ. ಎತ್ತಿನ ಗಾಡಿ ಹಗಲಿಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ನಡೆದರೆ ಹೆಚ್ಚು. ನಡುವೆ ಕತ್ತಲಾದಲ್ಲಿ ಇಳಿಯಬೇಕು. ಅದಕ್ಕೆ ಹಳೆಯ ಮೈಸೂರಿನ ಊರೂರಲ್ಲಿ ಇದ್ದದ್ದು ಗುಂಡುತೋಪು. ಊರ ಹೊರಗೆ, ದಾರಿಯ ಮಗ್ಗುಲಲ್ಲಿ, ಸಾಧ್ಯವಾದಷ್ಟೂ ಕೆರೆಗೋ ಕಟ್ಟೆಗೋ ಹತ್ತಿರ ಮಾವು, ಹುಣಸೆ, ಹಿಪ್ಪೆ, ಹೊಂಗೆ ಮರಗಳ ಸಾಲು. ಗಾಡಿಯ ನೊಗ ಇಳಿಸಿ ಮೂಕಿಯನ್ನು ನೆಲಕ್ಕೆ ಊರಿ, ಎತ್ತುಗಳನ್ನು ಚಕ್ರಕ್ಕೆ ಕಟ್ಟಿ ಹುಲ್ಲು ಹಾಕಿದರೆ ಬಿಡಾರ ಆದಂತೆ. ಮೂರು ಕಲ್ಲಿಟ್ಟು ಒಲೆ, ತೋಪಿನ ಪುರಳೆಯೇ ಸೌದೆ. ಹೆಂಗಸರು ಮಕ್ಕಳು ಗಾಡಿಯ ಮೇಲೆ, ಗಂಡಸರು ಗಾಡಿಯ ಕೆಳಗೆ ಕಂಬಳಿ ಹಾಸಿ ಮಲಗುವುದು ವಾಡಿಕೆ. ಊಟ ಮನೆಯಿಂದಲೇ ಬಂದಿರುತ್ತಿತ್ತು: ಮೊದಲ ದಿನಕ್ಕೆ ರೊಟ್ಟಿ, ಬುತ್ತಿಯನ್ನ, ಆಮೇಲಿನ ದಿನಗಳಿಗೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಮುದ್ದೆಗೆ ರಾಗಿ ಹಿಟ್ಟು. ಹೀಗೆ ಹೊರಟ ಕುಟುಂಬ ದಾರಿಯಲ್ಲಿ ಕಾಸು ಬಿಚ್ಚುತ್ತಿದ್ದದ್ದು ಉಪ್ಪಿಗೋ ಎಲೆ ಅಡಿಕೆಗೋ ಮಾತ್ರ. ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಿ ದನ ಕಟ್ಟುತ್ತಿದ್ದವರು ದಿನಗಟ್ಟಲೆ ಇದೇ ಬಗೆಯಲ್ಲಿ ಕಾವೇರಿ ದಡದಲ್ಲಿ ಬಿಡಾರ ಹೂಡುತ್ತಿದ್ದರು. ಮಾರಾಟ ಕುದುರದಿದ್ದರೆ ಇನ್ನೆರಡು ದಿನ ಇದ್ದರೂ ಹೆಚ್ಚಿನ ವೆಚ್ಚವಿಲ್ಲ.

ಸತ್ರ ಅಥವಾ ಛತ್ರ ಈ ತೋಪಿಗಿಂತ ಒಂದು ಮೆಟ್ಟಿಲು ಮೇಲು. ರಸ್ತೆಗೆ ಮುಖವಾಗಿ ಎತ್ತರದ ಜಗಲಿ, ಒಳಗೆ ಕಂಬಗಳ ಹಜಾರ, ನಡುವೆ ತೊಟ್ಟಿ, ಹಿತ್ತಿಲಲ್ಲಿ ಬಾವಿ, ಪಕ್ಕದಲ್ಲಿ ಅಡುಗೆ ಸಾಲೆ ಇವು ಅದರ ಸಾಮಾನ್ಯ ಅಂಗಗಳು. ಜಗಲಿಯಲ್ಲಿ ಬಹುತೇಕ ಯಾರಾದರೂ ಮಲಗಬಹುದು. ಒಳಗಿನ ಕೋಣೆಗೆ ಪಾರುಪತ್ತೆಗಾರನ ಅಪ್ಪಣೆ ಬೇಕು. ಕೆಲವು ಕಡೆ ಬೇಯಿಸಿದ ಊಟ, ಕೆಲವು ಕಡೆ ಅಕ್ಕಿ ಬೇಳೆಯ ಪಡಿ, ಇನ್ನು ಕೆಲವು ಕಡೆ ನೆರಳು ನೀರು ಮಾತ್ರ. ಮೂರು ದಿನಕ್ಕಿಂತ ಹೆಚ್ಚು ತಂಗುವಂತಿಲ್ಲ ಎಂಬುದು ಹಲವೆಡೆ ಇದ್ದ ಕಟ್ಟಳೆ. ಪುಕ್ಕಟೆ ಸೌಲಭ್ಯವನ್ನು ಒಬ್ಬನೇ ಹಿಡಿದು ಕೂರಬಾರದೆಂಬ ಎಚ್ಚರ ಅದರ ಹಿಂದಿತ್ತು. ಮೈಸೂರಿನ ಒಡೆಯರು ತಮ್ಮ ರಾಜ್ಯದಲ್ಲಿ ಅಲ್ಲದೆ ತಿರುಮಲೆ, ಕಾಶಿಯಂಥ ದೂರದ ಕ್ಷೇತ್ರಗಳಲ್ಲೂ ಛತ್ರಗಳನ್ನು ನಡೆಸಿದರು. ರಾಜ್ಯದೊಳಗಿನ ಸರ್ಕಾರಿ ಛತ್ರಗಳು ದೇವಸ್ಥಾನಗಳ ಜೊತೆಗೇ ಮುಜರಾಯಿ ಇಲಾಖೆಯ ಲೆಕ್ಕಕ್ಕೆ ಸೇರಿದವು.

ಈ ಔದಾರ್ಯವನ್ನು ಹೊಗಳುವಾಗ ಅದರ ಬೇಲಿಯನ್ನು ಮರೆಯುವುದು ಚರಿತ್ರೆಗೆ ಮಾಡುವ ಮೋಸ. ಎಷ್ಟೋ ಛತ್ರಗಳ ಊಟ ಬ್ರಾಹ್ಮಣರಿಗೆ ಮೀಸಲು. ಉಳಿದ ಜಾತಿಗಳಿಗೆ ಪಡಿ ಅಥವಾ ಜಗಲಿ. ದಲಿತರಿಗೆ ಜಗಲಿಯೂ ಇಲ್ಲ, ಬಾವಿಯೂ ಇಲ್ಲ. ಅಂದರೆ ಯಾರ ಬಳಿ ಕಾಸು ಕಡಿಮೆಯೋ ಅವರಿಗೇ ಬಿಟ್ಟಿ ವಸತಿ ಸಿಗದ ಸ್ಥಿತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಒಂದೊಂದು ಜನಾಂಗವೂ ತನ್ನದೇ ಛತ್ರ ಕಟ್ಟಿಕೊಳ್ಳಲು ಹೊರಟಿತು. ಕ್ಷೇತ್ರಗಳಲ್ಲಿ ವೀರಶೈವರದು, ಒಕ್ಕಲಿಗರದು, ಆರ್ಯವೈಶ್ಯರದು ಎಂದು ಬೇರೆ ಬೇರೆ ಛತ್ರಗಳಾದವು, ಊರುಗಳಲ್ಲಿ ಮುಸ್ಲಿಂ ಪ್ರಯಾಣಿಕರಿಗೆ ಮುಸಾಫಿರ್‌ಖಾನೆಗಳಿದ್ದವು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗಿರುವ ಗುಬ್ಬಿ ತೋಟದಪ್ಪನವರ ಛತ್ರ ಈ ಕಾಲದ ಅತಿ ಪ್ರಸಿದ್ಧ ಕೊಡುಗೆ. ವ್ಯಾಪಾರಿಯಾಗಿದ್ದ ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಹಾಸನ ತುಮಕೂರು ಕಡೆಯಿಂದ ಕೋರ್ಟು, ಆಸ್ಪತ್ರೆ, ಕಾಲೇಜೆಂದು ರೈಲಿಳಿದ ಎಷ್ಟೋ ಮಂದಿಗೆ ರಾಜಧಾನಿಯಲ್ಲಿ ಮೊದಲು ಸಿಕ್ಕ ಸೂರು ಅದು. ಕಾನೂನು ಬೇಲಿಯನ್ನು ಕಿತ್ತದ್ದು ಸ್ವಾತಂತ್ರ್ಯದ ಮೇಲೆ. ಅಸ್ಪೃಶ್ಯತಾ ಅಪರಾಧಗಳ 1955ರ ಕಾಯ್ದೆ ಹೋಟೆಲು, ಧರ್ಮಶಾಲೆ, ಮುಸಾಫಿರ್‌ಖಾನೆಗಳನ್ನು ಹೆಸರಿಸಿಯೇ ಪ್ರವೇಶ ನಿರಾಕರಣೆಯನ್ನು ಅಪರಾಧ ಮಾಡಿತು. ಅದು ಆಚರಣೆಗೆ ಇಳಿಯಲು ಇನ್ನೂ ಬಹಳ ಕಾಲ ಹಿಡಿಯಿತು.

ಛತ್ರದ ಪಕ್ಕದಲ್ಲೇ ಇನ್ನೊಂದು ಲೋಕ ಬೆಳೆಯುತ್ತಿತ್ತು. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ರಸ್ತೆಗಳ ಜೊತೆ ಟ್ರಾವೆಲರ್ಸ್ ಬಂಗಲೆಗಳು ಬಂದವು. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಜಿಲ್ಲೆ ಜಿಲ್ಲೆಯ ಬಂಗಲೆಗಳನ್ನು ದರ್ಜೆವಾರು ಪಟ್ಟಿ ಮಾಡುತ್ತದೆ. ವಸತಿಯನ್ನು ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂದು ವಿಂಗಡಿಸಿ ಅದಕ್ಕೆ ತಕ್ಕ ಶುಲ್ಕ ಇಡುವ ಪದ್ಧತಿ ಈ ಸೀಮೆಗೆ ಬಂದ ಬಗೆ ಇದು. ಹೆಂಚಿನ ಮಾಡು, ಎತ್ತರದ ಚಾವಣಿ, ಮುಂದೆ ವರಾಂಡ, ಎರಡು ಕೋಣೆ, ದೂರದಲ್ಲಿ ಅಡುಗೆಮನೆ, ಕುದುರೆ ಲಾಯ ಬಂಗಲೆಯ ಠೀವಿ. ಕನ್ನಡದಲ್ಲಿ ಪ್ರವಾಸಿ ಮಂದಿರ ಎಂದು ಬರೆದಿದ್ದರೂ ಜನ ಟಿ.ಬಿ. ಎಂದೇ ಕರೆದರು. ಅಲ್ಲಿನ ಮೇಟಿಯೇ ಕಾವಲುಗಾರ, ಅಡುಗೆಯವನು, ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವವನು. ಕೆಲಸದ ಮೇಲಿರುವ ಅಧಿಕಾರಿಗೆ ಮೊದಲ ಹಕ್ಕು, ಉಳಿದವರಿಗೆ ಖಾಲಿಯಿದ್ದರೆ ಮಾತ್ರ. ಬಾಡಿಗೆ ಕಡಿಮೆಯಿದ್ದರೂ ಅಮಲ್ದಾರರು ಬರುತ್ತಾರೆಂದು ಸುದ್ದಿ ಬಂದರೆ ಹಾಸಿದ ಹಾಸಿಗೆ ಸುತ್ತಿ ಹೊರಬೀಳಬೇಕಾಗುತ್ತಿತ್ತು. ಸಾಮಾನ್ಯ ರೈತ ಅದರ ಗೇಟು ದಾಟಿದ್ದು ಅರ್ಜಿ ಹಿಡಿದು ನಿಲ್ಲಲು, ಮಲಗಲು ಅಲ್ಲ.

ದರಪಟ್ಟಿ ತೂಗುಹಾಕುವ ರೂಢಿಯ ಬೇರು ಕೂಡ ಆ ಕಾಲದ್ದೇ. ಬ್ರಿಟಿಷ್ ಇಂಡಿಯಾದ 1867ರ ಸರಾಯಿಗಳ ಕಾಯ್ದೆ ತಂಗುದಾಣ ನಡೆಸುವವನು ಅದನ್ನು ನೋಂದಾಯಿಸಬೇಕು, ಚೊಕ್ಕಟವಾಗಿಡಬೇಕು, ಬಾಡಿಗೆಯ ಪಟ್ಟಿಯನ್ನು ಕಾಣುವಂತೆ ಹಾಕಬೇಕು ಎಂದು ವಿಧಿಸಿತು. ಚೌಕಾಶಿಯಲ್ಲಿ ನಿಗದಿಯಾಗುತ್ತಿದ್ದ ರಾತ್ರಿಯ ಬೆಲೆ ಗೋಡೆಯ ಮೇಲೆ ಬಂತು.

ರೈಲು ಬಂದದ್ದರಿಂದ ತಂಗುವ ಲೆಕ್ಕ ತಿರುಗುಮುರುಗಾಯಿತು. 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ಹೋದ ಹಳಿ ಅರಸೀಕೆರೆಯನ್ನು ಮುಟ್ಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರಗಳ ಮೂಲಕ ಮೈಸೂರಿಗೆ ಮೀಟರ್‌ಗೇಜ್ ಹಳಿ ಬಿತ್ತು. ಗಾಡಿಯಲ್ಲಿ ಮೂರು ರಾತ್ರಿ ಹಿಡಿಯುತ್ತಿದ್ದ ದಾರಿ ಒಂದು ಹಗಲಿಗೆ ಇಳಿದಾಗ ತೋಪು, ಛತ್ರಗಳ ಅಗತ್ಯವೇ ಕಡಿಮೆಯಾಯಿತು. ಆದರೆ ಹೊಸ ಖರ್ಚೊಂದು ಹುಟ್ಟಿತು. ಗಾಡಿಯಲ್ಲಿ ಅಕ್ಕಿಮೂಟೆ, ಪಾತ್ರೆ, ಸೌದೆ ಸಾಗಿಸಬಹುದಿತ್ತು, ರೈಲಿನಲ್ಲಿ ಆಗದು. ನಿಲ್ದಾಣದ ಸುತ್ತ ಕಾಫಿ ಹೋಟೆಲು, ಊಟದ ಮೆಸ್ಸು ತಲೆಯೆತ್ತಿದವು. ಉಡುಪಿ ಕಡೆಯವರ ಹೋಟೆಲುಗಳು ತಾಲ್ಲೂಕು ಕೇಂದ್ರಗಳವರೆಗೂ ಬಂದವು. ಮಾಂಸದೂಟದ ಮಿಲಿಟರಿ ಹೋಟೆಲುಗಳು ಪಕ್ಕದ ಬೀದಿಯಲ್ಲಿ. ಹೋಟೆಲಿನ ಮಾಳಿಗೆಯ ಮೇಲೆ ನಾಲ್ಕು ಕೋಣೆ ಹಾಕಿ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬೋರ್ಡು ಬರೆಸಿದಾಗ ಹಾಸನದಲ್ಲಿ ಇಂದಿನ ಲಾಡ್ಜಿನ ಕಾಲ ಶುರುವಾಯಿತು. ಊಟಕ್ಕೂ ಮಲಗುವುದಕ್ಕೂ ಬೇರೆ ಬೇರೆ ಬೆಲೆ ಎಂಬ ಕಲ್ಪನೆ ಇಲ್ಲಿ ಗಟ್ಟಿಯಾದದ್ದು ಆಗಲೇ.

ಆದರೂ ಬಹುಪಾಲು ಜನ ಲಾಡ್ಜಿಗೆ ಹೋಗಲಿಲ್ಲ. ನಂಟರ ಮನೆ ಇರುವಾಗ ಬಾಡಿಗೆ ಕೊಡುವುದು ನಂಟಸ್ತಿಕೆಗೇ ಅವಮಾನ. ಬರುವಾಗ ಒಂದು ಗೊನೆ ಬಾಳೆಹಣ್ಣು, ನಾಲ್ಕು ತೆಂಗಿನಕಾಯಿ, ಹೊಸ ಬೆಲ್ಲ ತಂದರೆ ಲೆಕ್ಕ ಚುಕ್ತಾ. ಮುಂದೆ ಆ ನಂಟರು ಜಾತ್ರೆಗೆ ಬಂದಾಗ ಉಳಿದ ಋಣವೂ ತೀರುತ್ತಿತ್ತು. ಈ ಲೆಕ್ಕದ ಭಾರ ಬೀಳುತ್ತಿದ್ದದ್ದು ಅಡುಗೆಮನೆಯ ಹೆಂಗಸಿನ ಮೇಲೆ. ಆ ದುಡಿಮೆಯನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿತು, 1961ರಲ್ಲಿ ಅದು ನಿಗಮವಾಯಿತು. ಬಸ್ಸಿನ ಜೊತೆ ಬಂದ ಹೊಸ ರೂಢಿಯೆಂದರೆ ಗುಂಪು ಪ್ರವಾಸ. ಶಾಲೆಗಳ ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಸುತ್ತು ಕರ್ನಾಟಕದ ಎಷ್ಟೋ ಮಕ್ಕಳಿಗೆ ಮೊದಲ ಪ್ರವಾಸ. ಒಪ್ಪಂದದ ಮೇಲೆ ಪಡೆದ ಬಸ್ಸು, ಮಲಗಲು ಆ ಊರಿನ ಶಾಲೆಯ ಕೊಠಡಿ ಅಥವಾ ಮದುವೆಯಿಲ್ಲದ ದಿನದ ಕಲ್ಯಾಣ ಮಂಟಪ, ಮೇಷ್ಟರ ಚೀಲದಲ್ಲಿ ಎಲ್ಲರ ದುಡ್ಡು. ಊರವರೆಲ್ಲ ಸೇರಿ ಹೊರಡುವ ತೀರ್ಥಯಾತ್ರೆಯ ಬಸ್ಸುಗಳಲ್ಲಿ ಅಡುಗೆ ಭಟ್ಟರೂ ಇರುತ್ತಿದ್ದರು. ಬಸ್ಸಿನ ತಲೆಯ ಮೇಲೆ ಕೊಳದಪ್ಪಲೆ, ಸೀಮೆಎಣ್ಣೆ ಸ್ಟವ್, ಅಕ್ಕಿಮೂಟೆ. ಹೊಳೆ ಕಂಡಲ್ಲಿ ನಿಲ್ಲಿಸಿ ಚಿತ್ರಾನ್ನ ಕಲಸುತ್ತಿದ್ದರು. ಗುಂಡುತೋಪಿನ ಬಿಡಾರವೇ ಡೀಸೆಲ್ ಎಂಜಿನ್ ಹಾಕಿಕೊಂಡು ಹೊರಟಿತ್ತು. ತಲಾ ಖರ್ಚು ತಗ್ಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಂದಿಗೂ ಸಿಕ್ಕಿಲ್ಲ. ಪ್ಯಾಕೇಜ್ ಟೂರಿನವರು ಮಾರುವುದೂ ಇದನ್ನೇ.

ಈ ಸೀಮೆಯ ಎಲ್ಲ ಬಗೆಯ ವಸತಿಗಳೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುವುದು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಎಂದು ಹೇಳಿದರೂ ಹಿಂದೆ ಅಂತರ ಹೆಚ್ಚು ಕಡಿಮೆಯಾಗುತ್ತಿತ್ತು. 1910, 1925, 1940, 1953, 1967ರಲ್ಲಿ ನಡೆದದ್ದು 1981ರಲ್ಲಿ ಗೊಮ್ಮಟ ಮೂರ್ತಿಯ ಸಾವಿರದ ವರ್ಷವಾಗಿ ಭಾರೀ ಪ್ರಮಾಣದಲ್ಲಿ ನಡೆಯಿತು. ಆಮೇಲಿನವು 1993, 2006, 2018. ಸಣ್ಣ ಊರೊಂದು ಕೆಲವು ವಾರಗಳ ಮಟ್ಟಿಗೆ ನಗರವಾಗಬೇಕು, ಆಮೇಲೆ ಮತ್ತೆ ಹಳ್ಳಿ. ಆ ಕೆಲವು ವಾರಕ್ಕಾಗಿ ಯಾರೂ ಲಾಡ್ಜು ಕಟ್ಟಿ ಬದುಕಲಾರರು. ಆದ್ದರಿಂದ ಉತ್ತರ ಎಂದಿಗೂ ಡೇರೆಯೇ. 2018ರಲ್ಲಿ ಹನ್ನೆರಡು ತಾತ್ಕಾಲಿಕ ಉಪನಗರಗಳು ಊರ ಸುತ್ತ ಎದ್ದವು. ಜೈನ ತ್ಯಾಗಿಗಳಿಗೆ, ಅಭಿಷೇಕದ ಕಳಶ ಪಡೆದವರಿಗೆ, ಸ್ವಯಂಸೇವಕರಿಗೆ, ಸಾಮಾನ್ಯ ಯಾತ್ರಿಕರಿಗೆ ಬೇರೆ ಬೇರೆ ವ್ಯವಸ್ಥೆ, ಊಟಕ್ಕೆ ಸಾಲು ಭೋಜನಶಾಲೆಗಳು. ಉಳಿದ ವರ್ಷಗಳಲ್ಲಿ ಕ್ಷೇತ್ರದ ಆಡಳಿತ ನಡೆಸುವ ಅತಿಥಿಗೃಹಗಳೇ ಆಧಾರ. ಅಲ್ಲಿ ಕೋಣೆ ಕೋಣೆಯ ಬಾಗಿಲ ಮೇಲೂ ಅದನ್ನು ಕಟ್ಟಿಸಿಕೊಟ್ಟ ಮನೆತನದ ಹೆಸರಿನ ಕಲ್ಲು ಕಾಣುತ್ತದೆ. ಮುಂಬಯಿ, ರಾಜಸ್ಥಾನದ ದಾನಿಗಳೂ ಅದರಲ್ಲಿದ್ದಾರೆ. ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣ ಆ ಕಲ್ಲಿನಲ್ಲೇ ಇದೆ: ಕಟ್ಟಡದ ಬಂಡವಾಳಕ್ಕೆ ಬಡ್ಡಿ ತೆರಬೇಕಿಲ್ಲ, ಯಾತ್ರಿಕನಿಂದ ಬರಬೇಕಾದದ್ದು ನೀರು, ದೀಪ, ಕಸಗುಡಿಸುವವರ ಸಂಬಳದಷ್ಟು.

ಘಟ್ಟದ ಕೆಳಗೆ ಧರ್ಮಸ್ಥಳ ಇದೇ ಸೂತ್ರವನ್ನು ಇನ್ನೂ ದೊಡ್ಡದಾಗಿ ನಡೆಸುತ್ತದೆ. ನೇತ್ರಾವತಿ, ಗಂಗೋತ್ರಿ, ವೈಶಾಲಿ, ಸಾಕೇತ ಎಂಬ ವಸತಿಗೃಹಗಳಲ್ಲಿ ಮಿತವಾದ ಬಾಡಿಗೆ, ಅನ್ನಪೂರ್ಣ ಛತ್ರದಲ್ಲಿ ಪುಕ್ಕಟೆ ಊಟ. ಶಿವರಾತ್ರಿಗೆ ಮೊದಲು ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಶಿರಾಡಿ, ಚಾರ್ಮಾಡಿ ಕಡೆಗೆ ನಡೆದುಹೋಗುವ ಪಾದಯಾತ್ರಿಗಳಿಗೆ ದಾರಿಯ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ಊಟ ಕೊಡುತ್ತಾರೆ. ಮಲಗಲು ಶಾಲೆಯ ಜಗಲಿ, ಸಮುದಾಯ ಭವನ. ಅರವಟ್ಟಿಗೆಗೆ ಹೊಲ ಬಿಡುವವರು ಈಗಿಲ್ಲ, ಆದರೆ ವಂತಿಗೆ ಎತ್ತುವವರಿದ್ದಾರೆ.

ಹಾಸನವನ್ನು ತಂಗುದಾಣ ಮಾಡಿಕೊಂಡು ಬೇಲೂರು, ಹಳೇಬೀಡು, ಬೆಳಗೊಳ ನೋಡಿ ಬರುವ ಪದ್ಧತಿ ಬೆಳೆದದ್ದು ಸ್ವಾತಂತ್ರ್ಯಾನಂತರ. ಕೇಂದ್ರದ ಪ್ರವಾಸೋದ್ಯಮ ನಿಗಮ ಇಲ್ಲಿ ಹಾಸನ್ ಅಶೋಕ ಹೋಟೆಲನ್ನು ನಡೆಸಿತು, ಈ ಶತಮಾನದ ಆರಂಭದಲ್ಲಿ ಅದು ಖಾಸಗಿಯವರ ಕೈಗೆ ಹೋಯಿತು. 1971ರಲ್ಲಿ ಹುಟ್ಟಿದ ರಾಜ್ಯದ ನಿಗಮ ಬೇಲೂರಿನಲ್ಲಿ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಎಂದು ಮಧ್ಯಮ ದರದ ಹೋಟೆಲು ಇಟ್ಟಿತು. ದೇವಸ್ಥಾನದ ಎದುರೇ ತಂಗಿದರೆ ಬಸ್ಸಿನ ದುಡ್ಡು ಉಳಿತಾಯ, ಹಾಸನದಲ್ಲಿ ತಂಗಿದರೆ ಆಯ್ಕೆ ಹೆಚ್ಚು, ಪೈಪೋಟಿಯಿಂದ ಬಾಡಿಗೆ ಇಳಿಕೆ. ಲಾಡ್ಜುಗಳಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಕೆಲವರು ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆ ಲೆಕ್ಕ ಹಿಡಿದರೆ, ಕೆಲವರು ಮಧ್ಯಾಹ್ನಕ್ಕೆ ದಿನ ಮುಗಿಸುತ್ತಿದ್ದರು. ರಾತ್ರಿ ಹತ್ತಕ್ಕೆ ಬಂದಿಳಿದವನಿಗೆ ಈ ವ್ಯತ್ಯಾಸ ಅರ್ಧ ದಿನದ ಬಾಡಿಗೆಯಷ್ಟು. ಅನುಭವಿಗಳು ಕೋಣೆ ನೋಡುವ ಮೊದಲು ಇದನ್ನು ಕೇಳುತ್ತಿದ್ದರು. 1979ರ ರಾಜ್ಯದ ಕಾಯ್ದೆ ಹೋಟೆಲು, ಲಾಡ್ಜುಗಳ ಮೇಲೆ ಸುಖಭೋಗ ತೆರಿಗೆ ತಂದ ಮೇಲೆ ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಸೇರಿತು.

ಸಕಲೇಶಪುರದ ಕಾಫಿ ತೋಟಗಳಲ್ಲಿ ಈ ಶತಮಾನದ ಮೊದಲ ದಶಕಗಳಲ್ಲಿ ಹರಡಿದ ಹೋಂಸ್ಟೇ ಲೆಕ್ಕದ ಬಗೆಯನ್ನೇ ಬದಲಿಸಿತು. ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ತೋಟದ ಮನೆಯ ಹೆಚ್ಚುವರಿ ಕೋಣೆಗಳು ಆದಾಯದ ದಾರಿಯಾದವು. ಲಾಡ್ಜಿನಲ್ಲಿ ಬಾಡಿಗೆ ಕೋಣೆಗೆ. ಮೂವರು ಮಲಗಲಿ, ನಾಲ್ವರು ಮಲಗಲಿ, ಒಂದು ಹಾಸಿಗೆಯ ಹೆಚ್ಚುವರಿ ಅಷ್ಟೇ. ಹೋಂಸ್ಟೇಯಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು, ಅದರಲ್ಲೇ ಕಡುಬು, ಅಕ್ಕಿರೊಟ್ಟಿ, ರಾತ್ರಿಯ ಊಟ, ತೋಟದ ಸುತ್ತಾಟ. ಆದ್ದರಿಂದ ಇಬ್ಬರು ಹೋದರೆ ಹೋಂಸ್ಟೇ ಹೊರೆಯಲ್ಲ, ಮಕ್ಕಳು ಮುದುಕರೊಡನೆ ಎಂಟು ಜನರ ಕುಟುಂಬ ಹೋದರೆ ಪಟ್ಟಣದ ಲಾಡ್ಜೂ ಹೊರಗಿನ ಊಟವೂ ಸೇರಿ ಅಗ್ಗ. ನಂಟರಿಗೆ ಹಿಂದೆ ಹಾಗೇ ಬಡಿಸುತ್ತಿದ್ದ ಕಡುಬಿಗೆ ಬೆಲೆ ಬಂದದ್ದೂ ಇಲ್ಲೇ. ಅಡುಗೆಮನೆಯ ದುಡಿಮೆ ಕಡೆಗೂ ಲೆಕ್ಕದ ಪುಸ್ತಕ ಸೇರಿತು.

2017ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಹಾಸನಕ್ಕೆ ನೇರ ರೈಲು ಆರಂಭವಾದ ಮೇಲೆ ಬೆಳಗೊಳ ನೋಡಿ ಅದೇ ಸಂಜೆ ಬೆಂಗಳೂರು ಸೇರುವುದು ಸಲೀಸಾಯಿತು. ಚತುಷ್ಪಥ ಹೆದ್ದಾರಿಯದೂ ಅದೇ ಪರಿಣಾಮ. ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದರೂ, ಬಂದವರು ರಾತ್ರಿ ಉಳಿಯದೆ ಹೋದರೆ ಲಾಡ್ಜಿನವರಿಗೆ ಅದರಿಂದ ಬರುವುದೇನೂ ಇಲ್ಲ.

ಬಿಲ್ಲಿನ ಕೊನೆಯ ಸಾಲಾದ ತೆರಿಗೆ ಮಾತ್ರ ಮೇಲಿಂದ ಮೇಲೆ ಬದಲಾಗುತ್ತಿದೆ. 2017ರ ಜುಲೈನಲ್ಲಿ ಸುಖಭೋಗ ತೆರಿಗೆ ಹೋಗಿ ಜಿಎಸ್‌ಟಿ ಬಂದಾಗ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಅಂಥ ಕೋಣೆಗೂ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಅದು ಶೇ 5ಕ್ಕೆ ಇಳಿಯಿತು. 2022ರ ಬದಲಾವಣೆಯಲ್ಲಿ ಛತ್ರಗಳಿಗೂ ತೆರಿಗೆಯೇ ಎಂಬ ಗೊಂದಲ ಎದ್ದಾಗ ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟಿತು: ಧಾರ್ಮಿಕ ಕ್ಷೇತ್ರದ ಆವರಣದಲ್ಲಿ ನೋಂದಾಯಿತ ಧರ್ಮಾರ್ಥ ಟ್ರಸ್ಟುಗಳು ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಕೊಡುವ ಕೋಣೆಗಳಿಗೆ ವಿನಾಯಿತಿ ಮುಂದುವರಿಯುತ್ತದೆ. ಲಾಡ್ಜಿನ ಅಷ್ಟೇ ಬಾಡಿಗೆಯ ಕೋಣೆಗೆ ಆ ವಿನಾಯಿತಿ ಇಲ್ಲ.